ಒಂಟಿ ಎತ್ತಿಗೆ ಜೋಡಿ ತರಲೇ, ಟ್ರ್ಯಾಕ್ಟರಿಗೆ ಮುಂಗಡ ಕೊಡಲೇ?

ಓದುಗರ ಪ್ರಶ್ನೆ:

"ಸರ್, ನಮ್ಮದು ನವಲಗುಂದ ತಾಲೂಕಿನ ಒಂದು ಹಳ್ಳಿ. 9 ಎಕರೆ ಎರಿ (ಕಪ್ಪು ಮಣ್ಣಿನ) ಹೊಲ. ಮುಂಗಾರಿಗೆ ಹೆಸರು, ಹತ್ತಿ. ಹಿಂಗಾರಿಗೆ ಕಡಲೆ, ಒಂದೂವರೆ ಎಕರೆ ಬಿಳಿಜೋಳ. ಮನೆಯಲ್ಲಿ ಖಿಲಾರಿ ಜೋಡೆತ್ತು ಇದ್ದವು. ಹೋದ ಶ್ರಾವಣದಲ್ಲಿ ಒಂದು ಸತ್ತಿತು. ಸಂಜೆ ಮೇವು ಬಿಟ್ಟಿತು, ರಾತ್ರಿ ಗಂಟಲು ಬಾತು ಗೊರಗೊರ ಉಸಿರು, ಬೆಳಕು ಹರಿಯುವುದರೊಳಗೆ ಹೋಯಿತು. ಉಳಿದದ್ದಕ್ಕೆ ಈಗ 7 ವರ್ಷ. ನಾನು ಹುಬ್ಬಳ್ಳಿಯಲ್ಲಿ ಕೆಲಸ ಬಿಟ್ಟು ಊರಿಗೆ ಬಂದವನು. ಇದನ್ನೂ ಮಾರಿ ಸಣ್ಣ ಟ್ರ್ಯಾಕ್ಟರ್ ತರೋಣ ಅಂತ ನನ್ನ ವಿಚಾರ. ಅಪ್ಪ ಕೇಳೋದಿಲ್ಲ. 'ಕಿಲಾರಿಗೆ ರೋಗಿಲ್ಲ ರುಜಿನಿಲ್ಲ, ಒಣ ಕಣಿಕಿ (ಜೋಳದ ದಂಟು) ತಿಂದು ದುಡಿತೈತಿ, ಇನ್ನೊಂದು ತಂದು ಜೋಡಿ ಮಾಡು' ಅಂತಾರೆ. ದಲ್ಲಾಳಿ ಒಬ್ಬ ನಾಲ್ಕು ಹಲ್ಲಿನ ಹೋರಿ 85 ಸಾವಿರಕ್ಕೆ ಕೊಡಿಸ್ತೀನಿ ಅಂದಿದ್ದಾನೆ. ಮನೆಯಲ್ಲಿ ಖಿಲಾರಿ ಆಕಳೂ ಒಂದಿದೆ. ಅದರದ್ದು ಎ2 ಹಾಲು, ಹುಬ್ಬಳ್ಳಿಯಲ್ಲಿ ಲೀಟರಿಗೆ 120 ರೂಪಾಯಿಗೆ ಹೋಗುತ್ತದೆ ಅಂತ ಗೆಳೆಯ ಹೇಳುತ್ತಾನೆ. ಇನ್ನೊಬ್ಬರು ಅದಕ್ಕೆ ಜರ್ಸಿ ಸೂಜಿ (ಜರ್ಸಿ ಹೋರಿಯ ವೀರ್ಯ) ಹಾಕಿಸು ಅಂತಾರೆ. ಏನು ಮಾಡಲಿ?"

ಉತ್ತರ:

ಮೊದಲು ಸತ್ತ ಎತ್ತಿನ ಮಾತು. ಶ್ರಾವಣದ ಜಿಟಿಜಿಟಿ ಮಳೆ, ಒಮ್ಮೆಲೇ ಮೇವು ಬಿಡುವುದು, ಗಂಟಲ ಬಾವು, ಗೊರಗೊರ ಉಸಿರು, ಒಂದೇ ರಾತ್ರಿಯಲ್ಲಿ ಸಾವು. ಇಷ್ಟು ಕೇಳಿದರೆ ನಮ್ಮ ಭಾಗದ ಯಾವ ಪಶುವೈದ್ಯನೂ ಮೊದಲು ಹೇಳುವ ಹೆಸರು ಗಳಲೆ ರೋಗ. ಇದರ ರೋಗಾಣು ಎಷ್ಟೋ ಸಲ ಆರೋಗ್ಯವಾಗಿರುವ ದನದ ಗಂಟಲಲ್ಲೇ ಸುಮ್ಮನೆ ಕುಳಿತಿರುತ್ತದೆ. ಮಳೆಯಲ್ಲಿ ನೆನೆದು, ಹೊಲದಲ್ಲಿ ದಣಿದು, ಮೈ ಸೋತ ದಿನ ಮೇಲೇಳುತ್ತದೆ. ಒಮ್ಮೆ ಬಾವು ಕಾಣಿಸಿಕೊಂಡ ಮೇಲೆ ನಮ್ಮ ಕೈಯಲ್ಲಿ ಉಳಿಯುವುದು ಕೆಲವೇ ತಾಸು. ಮಳೆಗಾಲಕ್ಕೆ ಮುಂಚೆ ವರ್ಷಕ್ಕೊಂದು ಲಸಿಕೆ ಹಾಕಿಸಿದರೆ ಹೆಚ್ಚಿನಂಶ ತಪ್ಪುವ ಸಾವು ಇದು. ನಿಮ್ಮ ಮನೆಯಲ್ಲಿ ಹಾಕಿಸಿರಲಿಲ್ಲ ಎಂದು ನನ್ನ ಊಹೆ. ತಪ್ಪು ತಿಳಿಯಬೇಡಿ, ಮೂವತ್ತು ವರ್ಷ ಈ ಭಾಗದ ಕೊಟ್ಟಿಗೆಗಳಲ್ಲಿ ಓಡಾಡಿದವನು ನಾನು. ಲಸಿಕೆ ಡಬ್ಬಿ ಹಿಡಿದು ಹೋದಾಗ "ಎಮ್ಮಿಗೆ ಹಾಕ್ರಿ, ಎಚ್ಚೆಫ್‌ಗೆ (ವಿದೇಶಿ ತಳಿಯ ಹಾಲಿನ ಆಕಳಿಗೆ) ಹಾಕ್ರಿ, ಎತ್ತು ಗಟ್ಟಿ ಅದಾವ, ಬ್ಯಾಡ" ಎನ್ನುವ ಮಾತನ್ನು ಎಷ್ಟು ಅಂಗಳಗಳಲ್ಲಿ ಕೇಳಿದ್ದೇನೋ ಲೆಕ್ಕವಿಲ್ಲ. ಸೂಜಿ ಚುಚ್ಚಿದರೆ ಎರಡು ದಿನ ಎತ್ತು ಮಂಕಾಗುತ್ತದೆ, ಹರಗುವ ಕೆಲಸ ನಿಲ್ಲುತ್ತದೆ ಎಂಬ ಚಿಂತೆಯೂ ಅದರ ಹಿಂದಿರುತ್ತದೆ. ಆ ಚಿಂತೆ ಸುಳ್ಳಲ್ಲ. ಆದ್ದರಿಂದಲೇ ಮುಂಗಾರಿ ಬಿತ್ತಿಗೆ ಮುಂಚೆ, ಎತ್ತು ಬಿಡುವಾಗಿರುವಾಗ ಹಾಕಿಸಬೇಕು.

2022ರಲ್ಲಿ ಚರ್ಮಗಂಟು ರೋಗ ಹಾವೇರಿ, ಗದಗ, ಧಾರವಾಡ ಮೂರೂ ಜಿಲ್ಲೆಗಳನ್ನು ಸುತ್ತಿದಾಗ ಅದೇ ಪಾಠ ಮತ್ತೆ ಸಿಕ್ಕಿತು. ನಾಟಿ ದನಕ್ಕೂ ಬಂತು. ಮಿಶ್ರತಳಿಯಷ್ಟು ನರಳದೆ ಎದ್ದವು ಬಹಳ, ಆದರೆ ಕರುಗಳು ಸತ್ತವು, ಕಾಲು ಬಾತ ಎತ್ತುಗಳು ಹಿಂಗಾರಿ ಬಿತ್ತಿಗೆಗೆ ಏಳಲಿಲ್ಲ. ಬಿತ್ತುವ ವಾರದಲ್ಲಿ ಎತ್ತು ಮಲಗಿದರೆ ಅದು ಬದುಕಿದ್ದೂ ಆ ವರ್ಷಕ್ಕೆ ಇಲ್ಲದ ಲೆಕ್ಕವೇ.

ಹಾಗಾದರೆ ನಿಮ್ಮ ತಂದೆಯವರು ಹೇಳುವುದೆಲ್ಲ ಸುಳ್ಳೇ? ಇಲ್ಲ. ಅವರ ಮಾತಿನಲ್ಲಿ ಅರ್ಧಕ್ಕಿಂತ ಹೆಚ್ಚು ನಿಜವಿದೆ, ಅದು ಯಾವುದರ ಮಟ್ಟಿಗೆ ನಿಜ ಎಂಬುದನ್ನು ಬಿಡಿಸಿ ನೋಡಬೇಕು.

ಖಿಲಾರಿ ಮೂಲತಃ ಸಾತಾರಾ, ಸಾಂಗ್ಲಿ, ಕೊಲ್ಹಾಪುರ, ಸೊಲ್ಲಾಪುರ ಕಡೆಯದು. ಅಲ್ಲಿಂದ ಹೊಂದಿಕೊಂಡಂತೆ ವಿಜಯಪುರ, ಬಾಗಲಕೋಟೆ, ಬೆಳಗಾವಿ, ಧಾರವಾಡದವರೆಗೂ ಅದರ ಸೀಮೆ. ದಕ್ಷಿಣದ ಹಳ್ಳಿಕಾರ್, ಅಮೃತಮಹಲ್‌ಗಳ ಸಂಬಂಧಿಕ ಎಂಬುದು ಮುಖ ನೋಡಿದರೇ ಗೊತ್ತಾಗುತ್ತದೆ: ಉದ್ದನೆಯ ಕಿರಿದಾದ ಮುಖ, ಹಿಂದಕ್ಕೆ ಬಾಗಿ ಮೇಲಕ್ಕೆ ಎದ್ದ ಚೂಪು ಕೋಡು, ಬಿಗಿ ಮೈ. ಬರ ಬೀಳುವ ಬಯಲಿನಲ್ಲಿ, ಬಿಸಿಲಲ್ಲಿ ನಡೆಯಲು ಬೆಳೆದ ದೇಹ ಅದು. ಬೂದು-ಬಿಳಿ ಗಿಡ್ಡ ಕೂದಲು ಬಿಸಿಲನ್ನು ಹಿಂದಕ್ಕೆ ಹಾಕುತ್ತದೆ, ಕೆಳಗಿನ ಕಪ್ಪು ಚರ್ಮ ಸುಡದಂತೆ ಕಾಯುತ್ತದೆ, ವಿದೇಶಿ ತಳಿಗಿಂತ ಚೆನ್ನಾಗಿ ಬೆವರುತ್ತದೆ. ಉಣ್ಣಿ ಕಡಿಮೆ ಹತ್ತುತ್ತವೆ, ಆದ್ದರಿಂದ ಉಣ್ಣಿಯಿಂದ ಬರುವ ಜ್ವರವೂ ಕಡಿಮೆ. ಗೊರಸು ಗಟ್ಟಿ. ಏಪ್ರಿಲ್ ಮಧ್ಯಾಹ್ನ ಎಚ್‌ಎಫ್ ಆಕಳು ನಾಲಗೆ ಚಾಚಿ ಏದುಸಿರು ಬಿಡುವಾಗ ಖಿಲಾರಿ ಬೇವಿನ ನೆರಳಿಗೆ ಮೆಲುಕು ಹಾಕುತ್ತಾ ನಿಂತಿರುತ್ತದೆ.

ಆದರೆ "ಒಣ ಕಣಿಕಿ ತಿಂದು ದುಡಿಯುತ್ತದೆ" ಎನ್ನುವಲ್ಲಿ ಎರಡು ಮಾತು ಕಲಸಿಹೋಗಿವೆ. ಒಣ ಕಣಿಕೆ ತಿಂದು ಬದುಕುತ್ತದೆ, ಅದು ಸರಿ. ದುಡಿಯಬೇಕಾದರೆ ಹಿಂಡಿ ಬೇಕು, ಹೊಟ್ಟು ಬೇಕು, ಉಪ್ಪು ಮತ್ತು ಖನಿಜದ ಪುಡಿ ಬೇಕು. ದಿನಕ್ಕೆ ಐದಾರು ತಾಸು ನೊಗ ಹೊರುವ ಎತ್ತಿಗೆ ಒಂದೂವರೆ-ಎರಡು ಕೆಜಿ ಹಿಂಡಿ, ಹತ್ತಿಕಾಳು ಇಡದಿದ್ದರೆ ಅದು ತನ್ನ ಮೈಯನ್ನೇ ಕರಗಿಸಿ ನಿಮ್ಮ ಹೊಲ ಹರಗುತ್ತದೆ. ಕಡಲೆ ಬಿತ್ತಿ ಮುಗಿಯುವ ಹೊತ್ತಿಗೆ ಪಕ್ಕೆಲುಬು ಎಣಿಸಲು ಬಂದರೆ ಲೆಕ್ಕ ತಪ್ಪಿದೆ ಎಂದು ತಿಳಿಯಿರಿ.

ಈಗ ಕಣಿಕೆಯ ಲೆಕ್ಕ. ನಿಮ್ಮ ಪ್ರಶ್ನೆಯಲ್ಲಿ ನನ್ನ ಕಣ್ಣು ನಿಂತದ್ದು ಅಲ್ಲಿ. ಒಂದು ಖಿಲಾರಿ ಎತ್ತು ಸುಮಾರು 450 ಕೆಜಿ ತೂಗುತ್ತದೆ. ದಿನಕ್ಕೆ ಹತ್ತು ಕೆಜಿಯಷ್ಟು ಒಣ ಮೇವು ಬೇಕು. ಜೋಡಿಗೆ ವರ್ಷಕ್ಕೆ 7 ಟನ್ ದಾಟುತ್ತದೆ. ಹಿಂಗಾರಿ ಬಿಳಿಜೋಳ ಒಳ್ಳೆಯ ವರ್ಷದಲ್ಲಿ ಎಕರೆಗೆ ಒಂದೂವರೆ-ಎರಡು ಟನ್ ಕಣಿಕೆ ಕೊಟ್ಟೀತು. ನಿಮ್ಮದು ಒಂದೂವರೆ ಎಕರೆ ಜೋಳ. ಅಂದರೆ 3 ಟನ್ ಒಳಗೆ. ಕಡಲೆ ಹೊಟ್ಟು, ಹೆಸರಿನ ಹೊಟ್ಟು ಸೇರಿಸಿದರೂ ಜೋಡಿಗೆ ಸಾಲದು, ಮೇಲೆ ಆಕಳು ಬೇರೆ ಇದೆ. ಉಳಿದದ್ದನ್ನು ಕೊಂಡು ತರಬೇಕು, ಬರ ಬಿದ್ದ ವರ್ಷ ಕಣಿಕೆಯ ದರ ಕೇಳುವ ಹಾಗೇ ಇರುವುದಿಲ್ಲ.

ನಮ್ಮ ಎರಿ ಸೀಮೆಯಿಂದ ಎತ್ತು ಕಡಿಮೆಯಾದದ್ದು ಟ್ರ್ಯಾಕ್ಟರಿನಿಂದ ಎಂದು ಎಲ್ಲರೂ ಹೇಳುತ್ತಾರೆ. ನಾನು ಕಂಡಂತೆ ಅದು ಅರ್ಧ ಕಾರಣ. ಉಳಿದರ್ಧ, ಜೋಳ ಹೋದದ್ದು. ನಾನು ಕೆಲಸಕ್ಕೆ ಸೇರಿದ ಕಾಲಕ್ಕೆ ಮನೆ ಮುಂದಿನ ಬಣವಿ (ಮೇವಿನ ಮೆದೆ) ನೋಡಿ ಹೆಣ್ಣು ಕೊಡುತ್ತಿದ್ದರು ಎಂದರೆ ಉತ್ಪ್ರೇಕ್ಷೆಯಲ್ಲ. ಮಾಲದಂಡಿ ಜೋಳದ ಕಣಿಕೆಗೆ ಜೋಳದ ಕಾಳಿನಷ್ಟೇ ಮರ್ಯಾದೆ. ಆಮೇಲೆ ಗೋವಿನಜೋಳ ಬಂತು, ಬಿಟಿ ಹತ್ತಿ ಬಂತು, ಕಡಲೆಗೆ ದರ ಬಂತು, ಜೋಳ ಮನೆಯ ರೊಟ್ಟಿಗೆಷ್ಟು ಬೇಕೋ ಅಷ್ಟಕ್ಕೆ ಇಳಿಯಿತು. ಹತ್ತಿ ಕಟ್ಟಿಗೆಯನ್ನು ಯಾವ ಎತ್ತು ತಿನ್ನುತ್ತದೆ? ಬಣವಿ ಕರಗಿತು, ಹಿಂದೆಯೇ ಗೋದಲಿ ಖಾಲಿಯಾಯಿತು. ಇದು ನಮ್ಮೂರಿನ ಕಥೆಯಷ್ಟೇ ಅಲ್ಲ. 2012ರಿಂದ 2019ರ ಜಾನುವಾರು ಗಣತಿಗಳ ನಡುವೆ ದೇಶದಲ್ಲಿ ನಾಟಿ ದನಗಳ ಸಂಖ್ಯೆ ಶೇ 6ರಷ್ಟು ಇಳಿಯಿತು, ವಿದೇಶಿ ಮತ್ತು ಮಿಶ್ರತಳಿ ಶೇ 26ಕ್ಕೂ ಹೆಚ್ಚು ಏರಿತು.

ಕಪ್ಪು ಮಣ್ಣಿಗೆಂದೇ ಸಾಂಗ್ಲಿ ಕಡೆ ಹತ್ತೊಂಬತ್ತನೇ ಶತಮಾನದ ಕೊನೆಗೆ ಗುಜರಾತಿನ ಗೀರ್, ಕಾಂಕ್ರೇಜ್, ಆಂಧ್ರದ ಓಂಗೋಲು ಮತ್ತು ಇಲ್ಲಿನ ದನ ಬೆರೆಸಿ ಕಟ್ಟಿದ ಕೃಷ್ಣಾ ಕಣಿವೆ ತಳಿ ಎಂದೊಂದಿತ್ತು. ದೊಡ್ಡ ಮೈ, ನಿಧಾನ ನಡಿಗೆ, ಭಾರಿ ಜಗ್ಗುವ ಶಕ್ತಿ. ದೊಡ್ಡ ಹೊಟ್ಟೆ ಬೇಡುವ ಆ ದನ ಈಗ ಕಾಣಸಿಗುವುದೇ ಅಪರೂಪ. ಖಿಲಾರಿ ಉಳಿದದ್ದು ಹಗುರ ಮೈ, ಚುರುಕು ಕಾಲಿನಿಂದ.

ಇನ್ನು ಕೆಲಸದ ಲೆಕ್ಕ. ರಂಟಿ ಹೊಡೆಯುವುದನ್ನು ಮರೆತುಬಿಡಿ. ಆಳವಾಗಿ ಉಳುವುದರಲ್ಲಿ ಜೋಡೆತ್ತು ದಿನಕ್ಕೆ ಒಂದು ಎಕರೆ ಮುಗಿಸುವುದೂ ಕಷ್ಟ, ಟ್ರ್ಯಾಕ್ಟರ್ ಅದನ್ನು ತಾಸಿನಲ್ಲಿ ಮುಗಿಸುತ್ತದೆ. ಅಲ್ಲಿ ಎತ್ತಿನ ಪರ ವಾದಿಸುವವರು ತಾವೇ ರಂಟಿ ಹಿಡಿದು ನೋಡಲಿ. ಎತ್ತಿನ ಬೆಲೆ ಇರುವುದು ಸಾಲಿನ ನಡುವೆ ಕಳೆ ತೆಗೆಯುವ ಎಡೆಕುಂಟೆಯಲ್ಲಿ, ಬೀಜ ಬಿತ್ತುವ ಕೂರಿಗೆಯಲ್ಲಿ. ಹತ್ತಿ ಮೊಣಕಾಲೆತ್ತರ ಬಂದಾಗ ಸಾಲಿನ ನಡುವೆ ಹೋಗಿ, ಬಾಯಿಗೆ ಬುಟ್ಟಿ ಕಟ್ಟಿಸಿಕೊಂಡು, ಒಂದು ಗಿಡ ಮುರಿಯದೆ ತಿರುಗಿ ಬರುವುದು ಪಳಗಿದ ಎತ್ತಿಗೆ ಮಾತ್ರ ಸಾಧ್ಯ. ಮಳೆ ನಿಂತ ಮೇಲೆ ಎರಿ ಹೊಲಕ್ಕೆ ಟ್ರ್ಯಾಕ್ಟರ್ ಇಳಿಸಿದರೆ ಗಾಲಿ ಹೂಳುತ್ತದೆ, ಇಳಿದ ಕಡೆ ಮಣ್ಣು ಹಲಗೆಯಂತೆ ಗಟ್ಟಿಯಾಗುತ್ತದೆ. ಎತ್ತು ಒಂದೆರಡು ದಿನ ಮೊದಲೇ ಇಳಿಯುತ್ತದೆ. ಹಿಂಗಾರಿ ಕಡಲೆಗೆ ಹಸಿ ಆರುವ ಮುಂಚಿನ ಆ ಒಂದೆರಡು ದಿನ ಎಷ್ಟು ದೊಡ್ಡದೆಂದು ನಿಮ್ಮ ತಂದೆಯವರಿಗೆ ನಾನು ಹೇಳಿಕೊಡಬೇಕಾಗಿಲ್ಲ.

ನಿಮ್ಮ 9 ಎಕರೆಯಲ್ಲಿ ಹರಗುವುದು, ಬಿತ್ತುವುದು, ಎರಡು-ಮೂರು ಸಲ ಎಡೆ ಹೊಡೆಯುವುದು, ಗೊಬ್ಬರ-ಕಣಿಕೆ ಹೇರುವುದು ಎಲ್ಲ ಸೇರಿ 50-60 ದಿನ ಎತ್ತಿಗೆ ಕೆಲಸ ಸಿಕ್ಕೀತು ಎಂದು ನನ್ನ ಅಂದಾಜು. ಉಳಿದ 300 ದಿನ ಕೂರಿಸಿ ಮೇವು ಹಾಕಬೇಕು. ಊರಲ್ಲಿ ಬೇರೆಯವರ ಹೊಲಕ್ಕೆ ಎಡೆ ಹೊಡೆಯಲು ಬಾಡಿಗೆಗೆ ಹೋಗಿ ಇನ್ನೊಂದು 40-50 ದಿನ ದುಡಿಯಲು ಮನೆಯಲ್ಲಿ ಆಳು ಇದ್ದರೆ ಜೋಡಿ ತನ್ನ ಖರ್ಚು ತಾನು ತೆಗೆಯುತ್ತದೆ. ಈಗ ಎತ್ತುಳ್ಳವರು ಕಡಿಮೆಯಾದಷ್ಟೂ ಎಡೆಕುಂಟೆ ಬಾಡಿಗೆ ಏರುತ್ತಿದೆ. ಆದರೆ ಹೂಡುವವರು ಯಾರು? ತಂದೆಯವರ ವಯಸ್ಸು ನೀವು ಬರೆದಿಲ್ಲ. ನಿಮಗೆ ಕೂರಿಗೆ ಹಿಡಿಯಲು ಬರುತ್ತದೆಯೇ? ಬರದಿದ್ದರೆ ಈ ಹಂಗಾಮಿನಲ್ಲೇ ಅವರ ಹಿಂದೆ ನಡೆದು ಕಲಿಯುವ ಮನಸ್ಸಿದೆಯೇ? ಎತ್ತಿನ ಪ್ರಶ್ನೆ ಕೊನೆಗೆ ಬಂದು ನಿಲ್ಲುವುದು ಇಲ್ಲಿಗೆ.

ಟ್ರ್ಯಾಕ್ಟರಿನ ಮಾತು ಚಿಕ್ಕದು. 9 ಎಕರೆಗೆ ಸ್ವಂತ ಟ್ರ್ಯಾಕ್ಟರ್, ಅದೂ ಸಾಲ ಮಾಡಿ, ಬಾಡಿಗೆಗೆ ಬಿಡದಿದ್ದರೆ ಕಂತು ಕಟ್ಟುವುದರಲ್ಲೇ ಹೈರಾಣಾಗುತ್ತೀರಿ. ಎತ್ತು ಗೊಬ್ಬರ ಹಾಕುತ್ತದೆ, ಟ್ರ್ಯಾಕ್ಟರ್ ಡೀಸೆಲ್ ಕೇಳುತ್ತದೆ ಎನ್ನುವುದು ಹಳೆಯ ಜೋಕು, ಆದರೆ ಸಾಲಗಾರನಿಗೆ ಅದು ಜೋಕಲ್ಲ. ಆಳ ಉಳುಮೆಗೆ ಬಾಡಿಗೆ ಟ್ರ್ಯಾಕ್ಟರ್ ಕರೆಸಿ.

ಜೋಡಿ ತರದೆಯೂ ಒಂದು ದಾರಿ ಇದೆ. ನಿಮ್ಮ ಹಾಗೆ ಒಂಟಿ ಎತ್ತು ಉಳಿದವರು ಊರಲ್ಲಿ ಇನ್ನೊಬ್ಬರು ಇದ್ದೇ ಇರುತ್ತಾರೆ. ಇಬ್ಬರೂ ಕೂಡಿ ಹೂಡಬಹುದು. ಮೇವಿನ ಭಾರ ಅರ್ಧ, ಕೆಲಸದ ದಿನ ಇಬ್ಬರಿಗೂ ಸಾಕು. ಜಗಳ ಬರುವುದು ಬಿತ್ತುವ ವಾರದಲ್ಲಿ, ಯಾರ ಹೊಲ ಮೊದಲು ಎಂದು. ಅದನ್ನು ಮಳೆ ಬೀಳುವ ಮುಂಚೆಯೇ ಮಾತಾಡಿ ಇಟ್ಟುಕೊಳ್ಳಿ. ಇನ್ನೊಂದು ದಾರಿ, ಅಂದರೆ ನಿಮ್ಮದನ್ನೂ ಮಾರುವುದು, ಈಗಲಾದರೆ ಆದೀತು, ಆಮೇಲೆ ಸುಲಭವಲ್ಲ. ಏಳು ವರ್ಷದ ಪಳಗಿದ ಎತ್ತಿಗೆ ರೈತರೇ ಕೊಳ್ಳುವವರಿರುತ್ತಾರೆ, ಅದಿನ್ನೂ ನಾಲ್ಕೈದು ವರ್ಷ ಚೆನ್ನಾಗಿ ದುಡಿಯುತ್ತದೆ. ಮುದಿಯಾದ ಮೇಲೆ ಕೊಳ್ಳುವವರಿಲ್ಲ. 2021ರಲ್ಲಿ ಜಾರಿಗೆ ಬಂದ ಗೋಹತ್ಯೆ ನಿಷೇಧ ಕಾಯ್ದೆಯ ನಂತರ ಮುದಿ ಎತ್ತನ್ನು ಕೊನೆಯವರೆಗೆ ಸಾಕುವ ಖರ್ಚು ರೈತನದ್ದೇ. ಕಾಯ್ದೆ ಸರಿಯೋ ತಪ್ಪೋ ಎಂಬ ಚರ್ಚೆಗೆ ನಾನು ಇಳಿಯುವುದಿಲ್ಲ, ಆದರೆ 85 ಸಾವಿರ ಎಣಿಸುವಾಗ ಆ ಕೊನೆಯ ಮೂರ್ನಾಲ್ಕು ವರ್ಷದ ಮೇವನ್ನೂ ಅದರ ಪಕ್ಕ ಬರೆದಿಡಿ.

ಆಕಳಿನ ಮಾತಿಗೆ ಬರುತ್ತೇನೆ. ಖಿಲಾರಿ ಆಕಳ ಹಾಲು ಇಡೀ ಸೂಲಿಗೆ ಸುಮಾರು 400 ಲೀಟರಿನ ಆಸುಪಾಸು. ದಿನಕ್ಕೆ ಎರಡು ಲೀಟರು ಎಂದುಕೊಳ್ಳಿ, ಅದರಲ್ಲಿ ಕರುವಿನ ಪಾಲು ಇದೆ. ಕರು ಮೊಲೆಗೆ ಬಾಯಿ ಹಾಕದೆ ಅದು ಸೊರ ಬಿಡುವುದೂ ಇಲ್ಲ. 120 ರೂಪಾಯಿ ಸಿಕ್ಕರೂ, ಒಂದೂವರೆ ಲೀಟರು ಹಿಡಿದು ದಿನಾ ಹುಬ್ಬಳ್ಳಿಗೆ ಹೋಗಿಬರುವ ಪೆಟ್ರೋಲಿಗೆ ಅದು ಸರಿಹೋಗುತ್ತದೆ. ನಮ್ಮ ನಾಟಿ ದನದ ಹಾಲಿನ ಪ್ರೋಟೀನು ಹೆಚ್ಚಾಗಿ ಎ2 ಬಗೆಯದು ಎಂಬುದು ನಿಜ. ಅದನ್ನು ಕುಡಿದರೆ ಸಕ್ಕರೆ ಕಾಯಿಲೆ, ಹೃದಯದ ಕಾಯಿಲೆ ದೂರ ಎನ್ನುವುದಕ್ಕೆ ಗಟ್ಟಿ ಪುರಾವೆ ಇಲ್ಲ. ಬೆನ್ನ ಹುಬ್ಬಿನಲ್ಲಿ ಸೂರ್ಯನಾಡಿ ಇದೆ, ಅದು ಹಾಲಿಗೆ ಬಂಗಾರ ಇಳಿಸುತ್ತದೆ ಎನ್ನುವವರೂ ಇದ್ದಾರೆ. ನಾನು ಕಾಲೇಜಿನ ದಿನಗಳಿಂದ ಎಷ್ಟೋ ಹುಬ್ಬುಗಳನ್ನು ಕೊಯ್ದು ನೋಡಿದ್ದೇನೆ. ಸ್ನಾಯು ಇದೆ, ಕೊಬ್ಬು ಇದೆ, ನಾಡಿಯಿಲ್ಲ. ಆ ಹುಬ್ಬಿನ ನಿಜವಾದ ಉಪಯೋಗ ಬೇರೆ: ನೊಗ ಹಿಂದಕ್ಕೆ ಜಾರದಂತೆ ತಡೆಯುವುದು.

ಜರ್ಸಿ ಸೂಜಿಯ ಅಪಾಯವೂ ಅಲ್ಲೇ ಇದೆ. ಹುಟ್ಟುವ ಕರು ಹೆಣ್ಣಾದರೆ ತಾಯಿಗಿಂತ ಹಲವು ಪಟ್ಟು ಹಾಲು ಕೊಡುತ್ತದೆ, ಜೊತೆಗೆ ಹಸಿ ಮೇವು, ತಂಪು ಕೊಟ್ಟಿಗೆ, ಔಷಧ ಎಲ್ಲ ಕೇಳುತ್ತದೆ. ಹೋರಿಗರುವಾದರೆ ಹುಬ್ಬು ತಗ್ಗು, ನೊಗ ನಿಲ್ಲದು, ಬಿಸಿಲಿಗೆ ಬೇಗ ಸೋಲುತ್ತದೆ. ಹಾಲಿನ ವ್ಯಾಪಾರವೇ ಮಾಡುವುದಾದರೆ ಒಂದು ಒಳ್ಳೆಯ ಎಮ್ಮೆಯನ್ನೋ ಮಿಶ್ರತಳಿ ಆಕಳನ್ನೋ ಬೇರೆಯಾಗಿ ತನ್ನಿ, ಹಸಿ ಮೇವಿಗೆ ನೀರಿದೆಯೇ ನೋಡಿಕೊಂಡು. ಈ ಆಕಳಿಗೆ ಖಿಲಾರಿ ವೀರ್ಯವನ್ನೇ ಹಾಕಿಸಿ. ಪಶು ಆಸ್ಪತ್ರೆಯಲ್ಲಿ ಮೊದಲೇ ಹೇಳಿಟ್ಟರೆ ತರಿಸಿಕೊಡುತ್ತಾರೆ. ಶುದ್ಧ ತಳಿ ಹೇಗಿರುತ್ತದೆ ಎಂದು ಕಣ್ಣಲ್ಲಿ ನೋಡಬೇಕಾದರೆ ಹಾವೇರಿ ಜಿಲ್ಲೆಯ ಬಂಕಾಪುರದ ಕೋಟೆಯೊಳಗೆ ಸರ್ಕಾರದ ಖಿಲಾರಿ ಸಂವರ್ಧನಾ ಕೇಂದ್ರವಿದೆ. 139 ಎಕರೆಯ ಆ ಆವರಣವೇ ನವಿಲುಧಾಮ ಕೂಡ. ಬೆಳಿಗ್ಗೆ ಬೇಗ ಹೋದರೆ ದನದ ಜೊತೆ ನವಿಲೂ ಸಿಗುತ್ತದೆ.

ಇಷ್ಟು ಕೇಳಿಯೂ ನಿಮ್ಮ ಮನೆಯ ಒಲವು ಜೋಡಿ ತರುವ ಕಡೆಗಿದ್ದರೆ, ಹಿಂಗಾರಿಯಲ್ಲಿ ಜೋಳವನ್ನು ಕನಿಷ್ಠ ಮೂರು ಎಕರೆಗೆ ಏರಿಸುವ ಮನಸ್ಸಿದ್ದರೆ ತನ್ನಿ ಎನ್ನುತ್ತೇನೆ. ಜೋಳಕ್ಕೆ ಜಾಗ ಬಿಡಲು ಮನಸ್ಸಿಲ್ಲದಿದ್ದರೆ ಬೇಡ, ಕೂಡಿ ಹೂಡುವ ದಾರಿ ಹಿಡಿಯಿರಿ. ಜೋಳ ಹೆಚ್ಚಿಸಿದರೆ ಒಂದು ಎಚ್ಚರಿಕೆ: ಮೊಣಕಾಲೆತ್ತರದೊಳಗಿನ ಎಳೆ ಜೋಳ, ನೀರಿಲ್ಲದೆ ಬಾಡಿದ ಜೋಳ, ಕೊಯ್ದ ಮೇಲೆ ಒಡೆದ ಕೂಳೆ ಚಿಗುರು, ಇವನ್ನು ದನಕ್ಕೆ ತೋರಿಸಲೂ ಬೇಡಿ. ವಿಷವಿರುತ್ತದೆ, ಗಳಿಗೆಯಲ್ಲಿ ಕೆಡವುತ್ತದೆ.

ದಲ್ಲಾಳಿ ಹೇಳಿದ ಹೋರಿಯನ್ನು ಕೊಳ್ಳುವ ಮುಂಚೆ ಬಾಯಿ ನೀವೇ ತೆರೆದು ನೋಡಿ. ಎರಡು ಹಲ್ಲಿಗೆ ಸುಮಾರು ಎರಡೂವರೆ ವರ್ಷ, ನಾಲ್ಕಕ್ಕೆ ಮೂರು-ಮೂರೂವರೆ, ಬಾಯಿಗೂಡಲು (ಎಲ್ಲ ಹಲ್ಲು ಬರಲು) ಐದರ ಸಮೀಪ. ಕೆಳದವಡೆಯ ನಡುವಿನ ಹಲ್ಲು ಅಗಲ, ಹೊಳಪು, ತುದಿ ಚೂಪಾಗಿದ್ದರೆ ಎಳೆಯದು. ತುದಿ ಸಮತಟ್ಟಾಗಿ ಸವೆದು ಹಲ್ಲುಗಳ ನಡುವೆ ಸಂದು ಬಿದ್ದಿದ್ದರೆ ಎಷ್ಟು ಹಲ್ಲೆಂದು ಅವರು ಹೇಳಿದರೂ ನಂಬಬೇಡಿ. ಹೆಗಲ ಮೇಲೆ ಅಂಗೈ ಇಟ್ಟು ಒತ್ತಿ. ಹಳೆಯ ಬಾವಿನ ಗಂಟು ಕೂದಲ ಕೆಳಗೆ ಗಟ್ಟಿಯಾಗಿ ಸಿಗುತ್ತದೆ. ನಾಲ್ಕು ಗೊರಸನ್ನೂ ಎತ್ತಿಸಿ ನೋಡಿ. ಸುಳಿ ನೋಡುವುದನ್ನು ನಿಮ್ಮ ತಂದೆಯವರು ಬಿಡುವುದಿಲ್ಲ, ನೋಡಲಿ. ಕೆಲಸಕ್ಕೂ ಸುಳಿಗೂ ಸಂಬಂಧವಿಲ್ಲ, ಆದರೆ ನಾಳೆ ಮಾರುವಾಗ "ಸುಳಿ ಛಲೋ ಇಲ್ಲ" ಎಂದು ಟವೆಲ್ಲಿನ ಕೆಳಗೆ ಬೆರಳು ಹಿಡಿದು ಐದು ಸಾವಿರ ಇಳಿಸುವವರಿದ್ದಾರೆ. ಆ ಮಟ್ಟಿಗೆ ಸುಳಿಗೆ ಬೆಲೆ ಇದೆ.

ಇನ್ನೊಂದು ಕೇಳಿ: ಅದು ಯಾವುದಕ್ಕೆ ಸಾಕಿದ ಹೋರಿ? ಹಾವೇರಿ ಕಡೆ ದೀಪಾವಳಿಯ ಹೋರಿ ಹಬ್ಬಕ್ಕೆ, ಕೊರಳಿಗೆ ಕೊಬ್ಬರಿ ಕಟ್ಟಿ ಓಡಿಸಲು ಸಾಕಿದ ಹೋರಿ ನೋಡಲು ಬೆಂಕಿಯಂತಿರುತ್ತದೆ. ಜನ ಕಂಡರೆ ಜಿಗಿಯುವುದನ್ನು ಕಲಿತದ್ದು ಹತ್ತಿ ಸಾಲಿನಲ್ಲಿ ತಾಳ್ಮೆಯಿಂದ ನಡೆಯದು. ಕಸಿ ಆಗಿದೆಯೇ (ಬೀಜ ಒಡೆಸಿದ್ದಾರೆಯೇ), ನೊಗ ಹೊತ್ತಿದೆಯೇ, ಎಡಕ್ಕೆ ಹೂಡಿ ರೂಢಿಯೋ ಬಲಕ್ಕೋ, ಮೂರನ್ನೂ ಕೇಳಬೇಕು.

ಕೋಡಿನ ಬಗ್ಗೆ ಒಂದು ಮಾತು. ಖಿಲಾರಿಯ ಚೆಲುವು ಕೋಡಿನಲ್ಲಿದೆ ಎಂದು ಹೆರೆದು ಹೆರೆದು ತೆಳುಮಾಡಿ ಬಣ್ಣ ಬಳಿಯುತ್ತಾರೆ. ಕುಂದಗೋಳ ಕಡೆಯ ಒಂದು ಮನೆಯಲ್ಲಿ ಎತ್ತು ದಿನವೂ ತಲೆಯನ್ನು ಒಂದೇ ಬದಿಗೆ ವಾಲಿಸಿ ನಿಲ್ಲುತ್ತಿತ್ತು, ಕೋಡನ್ನು ಕಂಬಕ್ಕೆ ಉಜ್ಜುತ್ತಿತ್ತು. ದೃಷ್ಟಿಯಾಗಿದೆ ಎಂದು ಕಪ್ಪು ದಾರ ಕಟ್ಟಿದ್ದರು. ನಾನು ಮುಟ್ಟಿದಾಗ ಕೋಡು ಬುಡದಲ್ಲಿ ಅಲುಗಾಡಿತು, ಅದೇ ಬದಿಯ ಮೂಗಿನಿಂದ ರಕ್ತ ಇಳಿಯಿತು. ಕೋಡಿನ ಕ್ಯಾನ್ಸರ್. ನಮ್ಮ ದೇಶದ ದುಡಿಯುವ ಎತ್ತುಗಳಲ್ಲಿ ಇದು ಅಪರೂಪವಲ್ಲ, ಐದರಿಂದ ಹತ್ತು ವರ್ಷದ ವಯಸ್ಸಿನಲ್ಲೇ ಹೆಚ್ಚು. ಮೊದಲೇ ಬಂದಿದ್ದರೆ ಕೋಡು ಕತ್ತರಿಸಿ ಉಳಿಸಬಹುದಿತ್ತು. ನಿಮ್ಮ ಏಳು ವರ್ಷದ್ದು ಆ ವಯಸ್ಸಿಗೇ ಬಂದಿದೆ. ಹೆರೆಸುವುದನ್ನು ನಿಲ್ಲಿಸಿ. ತಲೆ ವಾಲಿದ್ದು ಕಂಡರೆ 1962ಕ್ಕೆ ಕರೆ ಮಾಡಿ, ಸಂಚಾರಿ ಪಶು ಚಿಕಿತ್ಸೆಯ ಗಾಡಿ ಮನೆಗೇ ಬರುತ್ತದೆ.

ಸಂತೆಗೋ ಮಾರುವವರ ಮನೆಗೋ ಹೋಗುವಾಗ ಸಾಧ್ಯವಾದರೆ ನಿಮ್ಮ ಎತ್ತನ್ನು ಜೊತೆಗೆ ಒಯ್ಯಿರಿ. ದುಡ್ಡು ಕೈ ಬದಲಿಸುವ ಮುಂಚೆ ಎರಡನ್ನೂ ಒಂದೇ ನೊಗಕ್ಕೆ ಹೂಡಿ, ಖಾಲಿ ಚಕ್ಕಡಿ ಕಟ್ಟಿ ಅರ್ಧ ಮೈಲಿ ನಡೆಸಿ. ಭುಜದ ಎತ್ತರ ಸಮ ಇದೆಯೇ, ಹೆಜ್ಜೆ ಕೂಡುತ್ತವೆಯೇ, ಹೊಸದು ಪಕ್ಕಕ್ಕೆ ಎಳೆಯುತ್ತದೆಯೇ ನೋಡಿ. ತಂದ ಮೇಲೆ ಎರಡು-ಮೂರು ವಾರ ಬೇರೆ ಕಟ್ಟಿ, ಬೇರೆ ಬಾನಿಯಲ್ಲಿ ನೀರು ಕುಡಿಸಿ, ಜಂತಿನ ಔಷಧ ಕೊಟ್ಟು, ಗಳಲೆ ಮತ್ತು ಕಾಲುಬಾಯಿ ಲಸಿಕೆ ಎರಡಕ್ಕೂ ಹಾಕಿಸಿ. ಆಮೇಲೆ ಯುಗಾದಿಯಿಂದ ಕಾರಹುಣ್ಣಿಮೆಯವರೆಗೆ ದಿನಕ್ಕೆ ಒಂದೆರಡು ತಾಸು, ಬೆಳಗಿನ ತಂಪಿನಲ್ಲಿ, ಹಳೆಯದರ ಜೊತೆ ಖಾಲಿ ಕುಂಟೆ ಎಳೆಸಿ. ನಿಮ್ಮ ಏಳು ವರ್ಷದ ಎತ್ತಿಗೆ ಹೊಲದ ಮೂಲೆಮೂಲೆ ಗೊತ್ತು, ಬದುವಿನ ಹತ್ತಿರ ತಾನಾಗಿಯೇ ತಿರುಗುತ್ತದೆ. ಹೊಸದಕ್ಕೆ ಅದೇ ಕಲಿಸುತ್ತದೆ. ಆ ದಿನಗಳಲ್ಲಿ ಕುಂಟೆಯ ಹಿಂದೆ ನೀವು ಇರಿ, ಅಪ್ಪ ಬದುವಿನ ಮೇಲೆ ಕುಳಿತಿರಲಿ.